ಸಾವನದುರ್ಗ: ಹತ್ತೋ ಮುಂಚೆ ಇಷ್ಟು ಗೊತ್ತಿರಲಿ

ಮಾಗಡಿ ತಾಲ್ಲೂಕಿನ ಸಾವನದುರ್ಗ ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಸಮುದ್ರ ಮಟ್ಟದಿಂದ ಎತ್ತರ 1,226 ಮೀಟರ್. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಭಾಗ. ಬುಡದಲ್ಲಿ ವೀರಭದ್ರಸ್ವಾಮಿ, ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನಗಳಿವೆ. ತುದಿಯಲ್ಲಿ ನಂದಿ ಮಂಟಪ.

ಕೆಂಪೇಗೌಡರ ವಂಶದವರ ಈ ಕೋಟೆ 1728ರಲ್ಲಿ ಮೈಸೂರಿನ ವಶವಾಯ್ತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್ ಸೇನೆ ಟಿಪ್ಪು ಸುಲ್ತಾನರಿಂದ ಕಿತ್ತುಕೊಂಡಿತು.

ಹತ್ತೋದಕ್ಕಿಂತ ಇಳಿಯೋದೇ ಅಪಾಯ. ಗುಮ್ಮಟದಂತಿರೋ ಬಂಡೆ ಕೆಳಗಿಳಿದಷ್ಟೂ ಕಡಿದಾಗುತ್ತೆ, ಮುಂದಿನ ಇಳಿಜಾರು ಮೇಲಿಂದ ಕಾಣಲ್ಲ. ದಾರಿ ತಪ್ಪಿದ್ರೆ ಕೆಳಗೆ ಜಾರೋ ಸಾಹಸ ಬೇಡ. ಗುರುತು ಸಿಗೋವರೆಗೂ ವಾಪಸ್ ಹತ್ತಬೇಕು. ಮಳೆ ಬಿದ್ದ ದಿನ ಹೋಗಲೇಬಾರದು, ಪಾಚಿ ಮೇಲೆ ಶೂ ಕೂಡ ನಿಲ್ಲಲ್ಲ. ಬಂಡೆ ಮೇಲೆ ನೆರಳಿಲ್ಲ. ನೀರು ಕೆಳಗಿನ ಅಂಗಡೀಲೇ ತಗೊಂಡು, ಖಾಲಿ ಬಾಟಲಿ ವಾಪಸ್ ತನ್ನಿ.