‘ಸರ್ವರ್ ಇಲ್ಲ’ ಎಂದಾಗ: ಅರ್ಜಿದಾರರ ಮಾಹಿತಿಗಾಗಿ

ನಾಡಕಚೇರಿ, ಉಪನೋಂದಣಾಧಿಕಾರಿಗಳ ಕಚೇರಿ, ಗ್ರಾಮ ಒನ್ ಮುಂತಾದ ಕೇಂದ್ರಗಳಿಗೆ ಅರ್ಜಿ ಸಲ್ಲಿಸಲು ಬರುವ ಸಾರ್ವಜನಿಕರಿಗೆ ‘ಸರ್ವರ್ ಇಲ್ಲ’ ಅಥವಾ ‘ಸರ್ವರ್ ಡೌನ್’ ಎಂಬ ಉತ್ತರವು ಅಪರಿಚಿತವೇನಲ್ಲ. ಆದರೆ ಈ ಒಂದೇ ಮಾತನ್ನು ಹಲವು ಬಗೆಯ ತೊಂದರೆಗಳಿಗೆ ಸಮಾನವಾಗಿ ಬಳಸಲಾಗುತ್ತಿದೆ. ಕೇಂದ್ರದ ಯುಪಿಎಸ್ ಬ್ಯಾಟರಿ ಮುಗಿದಿದ್ದರೂ, ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿದ್ದರೂ, ರಾಜ್ಯದ ದತ್ತಾಂಶ ಕೇಂದ್ರದಲ್ಲಿ ನಿರ್ವಹಣಾ ಕಾರ್ಯ ನಡೆದಿದ್ದರೂ ಅರ್ಜಿದಾರರ ಕಿವಿಗೆ ಬೀಳುವುದು ಇದೇ ಉತ್ತರ. ಅರ್ಜಿದಾರರು ಮುಖ್ಯವಾಗಿ ಅರಿತಿರಬೇಕಾದ ಸಂಗತಿ ಒಂದಿದೆ: ಪರದೆಯ ಮೇಲೆ ಉತ್ತರ ಬಾರದಿದ್ದ ಮಾತ್ರಕ್ಕೆ ಅರ್ಜಿ ದಾಖಲಾಗಿಲ್ಲವೆಂದು ತಿಳಿಯುವಂತಿಲ್ಲ, ಹಾಗೆಯೇ ಸಿಬ್ಬಂದಿಯು ಕಾಗದಪತ್ರ ಪಡೆದುಕೊಂಡ ಮಾತ್ರಕ್ಕೆ ಅರ್ಜಿ ದಾಖಲಾಯಿತೆಂದೂ ತಿಳಿಯುವಂತಿಲ್ಲ. ಇದನ್ನು ತಿಳಿಯದೆ ಎರಡು ಬಾರಿ ಶುಲ್ಕ ತೆತ್ತವರೂ, ಕೊನೆಯ ದಿನಾಂಕ ತಪ್ಪಿಸಿಕೊಂಡವರೂ ಇದ್ದಾರೆ.

ಕಿಟಕಿಯಿಂದ ದತ್ತಾಂಶ ಕೇಂದ್ರದವರೆಗೆ

ರಾಜ್ಯದ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯ ಮೊದಲ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದಾಖಲೆಯು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿತ್ತು. ಒಂದು ತಾಲ್ಲೂಕಿನ ಯಂತ್ರ ಕೆಟ್ಟರೆ ಆ ತಾಲ್ಲೂಕಿನ ರೈತರಿಗೆ ಮಾತ್ರ ತೊಂದರೆ. ಕಾಲಕ್ರಮದಲ್ಲಿ ದಾಖಲೆಗಳನ್ನು ಒಂದೆಡೆ ಕ್ರೋಡೀಕರಿಸಲಾಯಿತು. ಇದರಿಂದ ಬೀದರಿನ ಜಮೀನಿನ ಪಹಣಿಯನ್ನು ಬೆಂಗಳೂರಿನಲ್ಲಿ ಕುಳಿತು ಪಡೆಯುವುದು ಸಾಧ್ಯವಾಯಿತು. ಆದರೆ ಕೇಂದ್ರಸ್ಥಾನದಲ್ಲಿ ಅಡಚಣೆಯಾದರೆ ಎಲ್ಲ ತಾಲ್ಲೂಕುಗಳ ಕೆಲಸವೂ ಏಕಕಾಲಕ್ಕೆ ನಿಲ್ಲುವ ಸ್ಥಿತಿಯೂ ಇದರೊಡನೆ ಬಂದಿತು. ಅನುಕೂಲಕ್ಕೆ ತೆತ್ತ ಬೆಲೆ ಇದು.

ಕಚೇರಿಯ ಗಣಕಯಂತ್ರಕ್ಕೂ ದತ್ತಾಂಶ ಕೇಂದ್ರಕ್ಕೂ ನಡುವೆ ರಾಜ್ಯ ವ್ಯಾಪಕ ಪ್ರದೇಶ ಜಾಲವಿದೆ. ಕೇಂದ್ರ ಸರ್ಕಾರವು 2005ರ ಮಾರ್ಚ್ ತಿಂಗಳಿನಲ್ಲಿ ಮಂಜೂರು ಮಾಡಿದ ಇಂತಹ ಜಾಲಗಳ ಯೋಜನೆಯಲ್ಲಿ ರಾಜ್ಯ ಕೇಂದ್ರದಿಂದ ತಾಲ್ಲೂಕು ಮಟ್ಟದವರೆಗೆ ಕನಿಷ್ಠ 2 ಎಂಬಿಪಿಎಸ್ ಸಾಮರ್ಥ್ಯವನ್ನು ನಿಗದಿಪಡಿಸಲಾಗಿತ್ತು. ಅಂದಿನ ಬಳಕೆಗೆ ಅಷ್ಟು ಸಾಲುತ್ತಿತ್ತು. ಭಾವಚಿತ್ರ, ಬೆರಳಚ್ಚು, ಸ್ಕ್ಯಾನ್ ಮಾಡಿದ ದಾಖಲೆಗಳು ಅರ್ಜಿಯ ಭಾಗವಾದ ಮೇಲೆ ಅಗತ್ಯವು ಅನೇಕ ಪಟ್ಟು ಬೆಳೆದಿದೆ. ಅಂತರ್ಜಾಲದಲ್ಲಿ ಸ್ವತಃ ಅರ್ಜಿ ಸಲ್ಲಿಸುವವರು ಕಡತಗಳನ್ನು ನಿಗದಿತ ಗಾತ್ರದೊಳಗೆ ಇಡಬೇಕೆಂದು ಸೂಚಿಸುವುದರ ಕಾರಣ ಇದೇ ಆಗಿರುತ್ತದೆ. ಒಂದು ಪುಟದ ಕಾಗದಕ್ಕೆ ಬಣ್ಣದ ಸ್ಕ್ಯಾನ್ ಅಗತ್ಯವಿಲ್ಲ.

ತೊಂದರೆ ಎಲ್ಲಿದೆ ಎಂಬುದನ್ನು ಅರ್ಜಿದಾರರು ಸುಲಭವಾಗಿ ಊಹಿಸಬಹುದು. ಅದೇ ಸೇವೆಯು ನಿಮ್ಮ ಮೊಬೈಲ್ ದೂರವಾಣಿಯಲ್ಲಿ ತೆರೆದುಕೊಂಡರೆ ತೊಂದರೆ ಆ ಕಚೇರಿಯ ಸಂಪರ್ಕದಲ್ಲಿದೆ. ಹತ್ತಿರದ ಬೇರೆ ಕೇಂದ್ರದಲ್ಲಿ ಕೆಲಸ ಆಗಬಹುದು. ಮೊಬೈಲ್‌ನಲ್ಲಿಯೂ ತೆರೆಯದೆ, ಬೇರೆ ಜಾಲತಾಣಗಳು ಮಾತ್ರ ತೆರೆದರೆ ತೊಂದರೆ ಬಹುತೇಕ ಕೇಂದ್ರಸ್ಥಾನದ್ದು. ಊರಿಂದೂರಿಗೆ ಅಲೆದು ಪ್ರಯೋಜನವಿಲ್ಲ.

ಪರದೆಯ ಮೇಲೆ ಕಾಣುವ ಸಂಖ್ಯೆಗಳು

ಸೇವೆ ದೊರೆಯದಿದ್ದಾಗ ಪರದೆಯ ಮೇಲೆ ಮೂರಂಕಿಯ ಸಂಖ್ಯೆಯೊಂದು ಕಾಣಿಸುವುದುಂಟು. 404 ಎಂದರೆ ಕೇಳಿದ ಪುಟ ಆ ವಿಳಾಸದಲ್ಲಿ ಇಲ್ಲ. ಹಳೆಯ ಕೊಂಡಿಯನ್ನು ಬಿಟ್ಟು ಇಲಾಖೆಯ ಮುಖಪುಟದಿಂದ ಮತ್ತೆ ಪ್ರವೇಶಿಸಬೇಕು. 403 ಎಂದರೆ ಪ್ರವೇಶ ನಿರಾಕರಿಸಲಾಗಿದೆ. 503 ಎಂದರೆ ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ: ನಿರ್ವಹಣಾ ಕಾರ್ಯವಿರಬಹುದು, ದಟ್ಟಣೆಯೂ ಇರಬಹುದು. ಇಂತಹ ಸಮಯದಲ್ಲಿ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದ ದಟ್ಟಣೆ ಹೆಚ್ಚುತ್ತದೆಯೇ ಹೊರತು ಸರದಿ ಬೇಗ ಬರುವುದಿಲ್ಲ.

ಹೆಚ್ಚಿನ ಎಚ್ಚರಿಕೆ ಅಗತ್ಯವಿರುವುದು 500 ಮತ್ತು 504 ಎಂಬ ಸಂಖ್ಯೆಗಳ ಬಗ್ಗೆ. 504 ಎಂದರೆ ಮಧ್ಯವರ್ತಿ ಯಂತ್ರವು ಹಿಂದಿರುವ ಯಂತ್ರದಿಂದ ಉತ್ತರಕ್ಕಾಗಿ ಕಾದು, ಕಾಯುವ ಅವಧಿ ಮುಗಿದುದರಿಂದ ಕೈಬಿಟ್ಟಿದೆ ಎಂದರ್ಥ. ಆದರೆ ಹಿಂದಿರುವ ಯಂತ್ರವು ನಿಮ್ಮ ಅರ್ಜಿಯನ್ನು ಅಷ್ಟರಲ್ಲಿ ಬರೆದುಕೊಂಡಿರಬಹುದು, ಅಥವಾ ಮರುಕ್ಷಣ ಬರೆದುಕೊಳ್ಳಬಹುದು. ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ತಲುಪಿ, ಸ್ವೀಕೃತಿ ಚೀಟಿ ಮಾತ್ರ ದಾರಿಯಲ್ಲಿ ಕಳೆದುಹೋದಂತೆ ಇದು. ಯಂತ್ರದ ಒಳಗಿನ ದೋಷವನ್ನು ಸೂಚಿಸುವ 500ರ ವಿಷಯದಲ್ಲಿಯೂ ಅರ್ಜಿ ಎಲ್ಲಿಯವರೆಗೆ ಸಾಗಿತ್ತೆಂದು ಪರದೆಯಿಂದ ತಿಳಿಯುವುದಿಲ್ಲ. ಆದ್ದರಿಂದ ಎರಡೂ ಸಂದರ್ಭಗಳಲ್ಲಿ ಹೊಸ ಅರ್ಜಿ ಸಲ್ಲಿಸುವ ಮೊದಲು ಸ್ವಲ್ಪ ಹೊತ್ತು ಕಾದು, ‘ಅರ್ಜಿಯ ಸ್ಥಿತಿ’ ಪುಟದಲ್ಲಿ ಮೊಬೈಲ್ ಸಂಖ್ಯೆ ಅಥವಾ ಅರ್ಜಿ ಸಂಖ್ಯೆಯನ್ನು ನಮೂದಿಸಿ ಪರಿಶೀಲಿಸತಕ್ಕದ್ದು. ಪರದೆಯ ಚಿತ್ರವನ್ನು ದಿನಾಂಕ ಮತ್ತು ವೇಳೆ ಕಾಣುವಂತೆ ತೆಗೆದಿಟ್ಟುಕೊಳ್ಳುವುದು ಉತ್ತಮ. ದೂರು ನೀಡುವಾಗ ‘ಬೆಳಿಗ್ಗೆ ಆಗಲಿಲ್ಲ’ ಎನ್ನುವುದಕ್ಕಿಂತ ‘11 ಗಂಟೆ 42 ನಿಮಿಷಕ್ಕೆ 504 ಎಂದು ಬಂದಿತು’ ಎಂದರೆ ನಿರ್ವಾಹಕರು ದಾಖಲೆಯಲ್ಲಿ ನೇರವಾಗಿ ಆ ಕ್ಷಣವನ್ನೇ ಹುಡುಕಬಲ್ಲರು.

ಹಣ ಕಡಿತವಾಗಿ ಸ್ವೀಕೃತಿ ಬಾರದಿದ್ದಲ್ಲಿ

ಹಣ ಪಾವತಿಯಲ್ಲಿ ಇಲಾಖೆ, ಪಾವತಿ ಸಂಸ್ಥೆ ಮತ್ತು ಬ್ಯಾಂಕು ಹೀಗೆ ಕನಿಷ್ಠ ಮೂವರ ಯಂತ್ರಗಳು ಭಾಗಿಯಾಗಿರುತ್ತವೆ. ಬ್ಯಾಂಕು ಹಣ ಕಡಿತ ಮಾಡಿದ ನಂತರ ಇಲಾಖೆಗೆ ಸುದ್ದಿ ತಲುಪದೆ ಹೋಗುವುದುಂಟು. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಂತೆ, ಯುಪಿಐ ಮೂಲಕ ಅಥವಾ ಅಂತರ್ಜಾಲದಲ್ಲಿ ಕಾರ್ಡ್ ಮೂಲಕ ಪಾವತಿಸಿದ ಹಣವು ಖಾತೆಯಿಂದ ಕಡಿತವಾಗಿ ಪಡೆಯುವವರ ಕಡೆ ದೃಢೀಕರಣ ಆಗದಿದ್ದರೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಅದು ತಾನಾಗಿಯೇ ಖಾತೆಗೆ ಮರಳತಕ್ಕದ್ದು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕರಿಗೆ ನೀಡಬೇಕಾಗುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಣವು ಸರ್ಕಾರದ ಖಾತೆಗೆ ಜಮೆಯಾಗಿದ್ದು ಅರ್ಜಿ ಮಾತ್ರ ಅಪೂರ್ಣವಾಗಿದ್ದರೆ ಅದು ವಿಫಲ ವಹಿವಾಟು ಎನಿಸುವುದಿಲ್ಲ; ಬ್ಯಾಂಕಿನಿಂದ ತಾನಾಗಿ ಮರಳುವುದಿಲ್ಲ. ಆಗ ಚಲನ್ ಸಂಖ್ಯೆ ಅಥವಾ ವಹಿವಾಟು ಸಂಖ್ಯೆಯೊಂದಿಗೆ ಸಂಬಂಧಪಟ್ಟ ಇಲಾಖೆಯನ್ನೇ ಸಂಪರ್ಕಿಸಬೇಕು. ಬ್ಯಾಂಕಿನಿಂದ ಬಂದ ಕಿರುಸಂದೇಶವನ್ನು ಅಳಿಸಬಾರದು. ಅರ್ಜಿ ಸಂಖ್ಯೆಯನ್ನು ಪಾವತಿಗಿಂತ ಮೊದಲೇ ನೀಡುವ ತಂತ್ರಾಂಶಗಳಲ್ಲಿ ಆ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಂಡು ಅನಂತರ ಹಣ ಕಟ್ಟುವುದು ಕ್ಷೇಮ.

ದಟ್ಟಣೆಯೇ, ದಾಳಿಯೇ?

ಪ್ರತಿ ವರ್ಷ ಪರೀಕ್ಷಾ ಫಲಿತಾಂಶಗಳ ನಂತರ ಶಾಲಾ ಕಾಲೇಜು ಪ್ರವೇಶಕ್ಕಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಅರ್ಜಿಗಳು ಒಮ್ಮೆಲೇ ಏರುತ್ತವೆ. ಇದು ಸಹಜ ದಟ್ಟಣೆ. ಮುಂಚಿತವಾಗಿ ತಿಳಿದಿರುವಂಥದ್ದಾದ್ದರಿಂದ ನಿರ್ವಾಹಕರು ಸಿದ್ಧತೆ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೂ ಬೇಕು. ಅರ್ಜಿದಾರರಿಗೂ ಒಂದು ಸೂಚನೆ: ಹಿಂದೆ ಪಡೆದ ಪ್ರಮಾಣಪತ್ರದ ಅವಧಿ ಮುಗಿದಿಲ್ಲವಾದರೆ ಅದರ ಮೇಲಿರುವ ‘ಆರ್‌ಡಿ’ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯೇ ಅನೇಕ ಕಡೆ ಸಾಕಾಗುತ್ತದೆ. ಹೊಸ ಅರ್ಜಿಯ ಅಗತ್ಯವಿದೆಯೇ ಎಂದು ಮೊದಲು ವಿಚಾರಿಸುವುದು ಒಳಿತು.

ದಾಳಿ ಬೇರೆ ಬಗೆಯದು. ಆಸ್ತಿ ನೋಂದಣಿಗಾಗಿ 2023ರಲ್ಲಿ ಜಾರಿಗೆ ಬಂದ ‘ಕಾವೇರಿ 2.0’ ತಂತ್ರಾಂಶದ ಮೇಲೆ 2024ರ ಡಿಸೆಂಬರ್ ಮತ್ತು 2025ರ ಜನವರಿ ತಿಂಗಳುಗಳಲ್ಲಿ ಇಂತಹ ದಾಳಿ ನಡೆಯಿತು. ನಕಲಿ ಖಾತೆಗಳನ್ನು ತೆರೆದು, ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಸ್ವಯಂಚಾಲಿತ ತಂತ್ರಾಂಶದ ಮೂಲಕ ಅಗಾಧ ಸಂಖ್ಯೆಯ ಕೋರಿಕೆಗಳನ್ನು ಕಳುಹಿಸಲಾಗಿತ್ತು. ನಿಜವಾದ ಅರ್ಜಿದಾರರಿಗೆ ಸ್ಥಳವೇ ಇಲ್ಲದಂತಾಗಿ ರಾಜ್ಯದಾದ್ಯಂತ ನೋಂದಣಿ ಕುಂಠಿತವಾಯಿತು. 2025ರ ಫೆಬ್ರವರಿಯಲ್ಲಿ ಸೈಬರ್ ಅಪರಾಧ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಮನೆ ಕ್ರಯಕ್ಕೆ ಮುಂಗಡ ಕೊಟ್ಟು, ಮುಹೂರ್ತ ನೋಡಿ, ಸಾಕ್ಷಿದಾರರನ್ನು ಕರೆತಂದವರು ಕಚೇರಿಯಲ್ಲಿ ಕಾಯಬೇಕಾಗಿ ಬಂದಾಗ ಅವರಿಗೆ ಕಂಡದ್ದು ‘ಸರ್ವರ್ ಇಲ್ಲ’ ಎಂಬ ಮಾತು ಮಾತ್ರ.

ಇಂತಹ ದಾಳಿಯ ಉದ್ದೇಶ ಬಾಗಿಲಿಗೆ ಅಡ್ಡ ನಿಲ್ಲುವುದು. ಒಳಗಿನ ದಾಖಲೆಯನ್ನು ಬದಲಿಸುವುದು ಪ್ರತ್ಯೇಕವಾದ, ಬೇರೆ ವಿಧಾನ ಬೇಡುವ ಕೃತ್ಯ. ವಕ್ರ ಅಕ್ಷರಗಳನ್ನು ಓದಿ ಬರೆಯಿರೆಂದು ಕೇಳುವುದು, ಒಂದೇ ಖಾತೆಯಿಂದ ಇಂತಿಷ್ಟೇ ಹುಡುಕಾಟ ಎಂದು ಮಿತಿ ಹಾಕುವುದು ಮುಂತಾದ ಕ್ರಮಗಳು ಕಿರಿಕಿರಿ ಎನಿಸಿದರೂ ಇಂತಹ ಯಂತ್ರಗಳನ್ನು ತಡೆಯಲೆಂದೇ ಇವೆ.

ಬೀಗದ ಗುರುತು ಮತ್ತು ಎಚ್ಚರಿಕೆ ಸಂದೇಶ

‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಸಂದೇಶ ಕಂಡಾಗ ಹಲವರು ‘ಮುಂದುವರಿಯಿರಿ’ ಎಂಬುದನ್ನು ಒತ್ತುತ್ತಾರೆ. ಹಾಗೆ ಮಾಡಬಾರದು. ಪ್ರತಿ ಜಾಲತಾಣಕ್ಕೂ ಅವಧಿಯುಳ್ಳ ಭದ್ರತಾ ಪ್ರಮಾಣಪತ್ರವಿರುತ್ತದೆ. ನವೀಕರಣ ಮರೆತರೆ ನಿಜವಾದ ಜಾಲತಾಣವೂ ಇದೇ ಎಚ್ಚರಿಕೆ ನೀಡುತ್ತದೆ, ನಕಲಿ ತಾಣವೂ ನೀಡಬಹುದು. ಅರ್ಜಿದಾರರು ಇವೆರಡನ್ನು ಬೇರ್ಪಡಿಸಿ ತಿಳಿಯುವುದು ಕಷ್ಟ. ಕೆಲವೊಮ್ಮೆ ತಮ್ಮದೇ ಗಣಕಯಂತ್ರದ ದಿನಾಂಕ ತಪ್ಪಾಗಿರುವುದೂ ಕಾರಣವಾಗಿರುತ್ತದೆ, ಅದನ್ನು ಮೊದಲು ನೋಡಿಕೊಳ್ಳಬೇಕು.

ಈ ಪ್ರಮಾಣಪತ್ರಗಳ ಗರಿಷ್ಠ ಅವಧಿ 2020ರ ಸೆಪ್ಟೆಂಬರ್‌ನಿಂದ 398 ದಿನಗಳಾಗಿತ್ತು. ಬ್ರೌಸರ್ ತಯಾರಕರೂ ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಸೇರಿ 2025ರ ಏಪ್ರಿಲ್‌ನಲ್ಲಿ ಕೈಗೊಂಡ ನಿರ್ಣಯದಂತೆ ಅದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ದಿನಚರಿಯಲ್ಲಿ ಗುರುತು ಹಾಕಿ ನವೀಕರಿಸುವ ಪದ್ಧತಿ ಇನ್ನು ನಡೆಯದು. ಸ್ವಯಂಚಾಲಿತ ನವೀಕರಣ ಅಳವಡಿಸದ ಕಚೇರಿಗಳ ಸೇವೆ ವರ್ಷದಲ್ಲಿ ಹಲವು ಬಾರಿ ನಿಲ್ಲುವ ಅಪಾಯವಿದೆ.

ದಾಖಲೆಗಳ ಸಂರಕ್ಷಣೆ

ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಯಂತ್ರಗಳ ಕಾರ್ಯದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು ಮತ್ತು ಯಂತ್ರಗಳ ಗಡಿಯಾರಗಳನ್ನು ಅಧಿಕೃತ ಸಮಯದೊಂದಿಗೆ ಹೊಂದಿಸಿಡಬೇಕು. ಅರ್ಜಿದಾರರಿಗೆ ಇದರ ಪ್ರಯೋಜನ ನೇರವಾದದ್ದು: ‘ನಾನು ಕೊನೆಯ ದಿನವೇ ಪ್ರಯತ್ನಿಸಿದ್ದೆ’ ಎಂಬ ಮಾತಿಗೆ ಆಧಾರ ಈ ದಾಖಲೆಯಲ್ಲಿ ದೊರೆಯಬಹುದು. ದೂರನ್ನು ವಿಳಂಬವಿಲ್ಲದೆ ನೀಡಬೇಕೆನ್ನುವುದು ಇದಕ್ಕಾಗಿಯೇ.

ಪ್ರತಿಗಳನ್ನು ಬೇರೊಂದು ಸ್ಥಳದಲ್ಲಿ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಉದಾಹರಣೆ ಸಾಕು. ಅಲ್ಲಿನ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳಿಗೆ ಬೆಂಕಿ ತಗುಲಿ ನೂರಾರು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ನೌಕರರ ಕಡತಗಳಿದ್ದ, 858 ಟೆರಾಬೈಟ್ ಗಾತ್ರದ ಒಂದು ಸಂಗ್ರಹಕ್ಕೆ ಹೊರಗೆಲ್ಲಿಯೂ ಪ್ರತಿ ಇರಲಿಲ್ಲ. ಅದು ಸಂಪೂರ್ಣ ನಾಶವಾಯಿತು. ಅರ್ಜಿದಾರರು ತಮಗೆ ದೊರೆತ ಪ್ರಮಾಣಪತ್ರ ಮತ್ತು ಸ್ವೀಕೃತಿಗಳ ಪ್ರತಿಯನ್ನು ತಾವೂ ಇಟ್ಟುಕೊಳ್ಳುವುದು ಅತಿ ಎಚ್ಚರಿಕೆಯೇನಲ್ಲ.

ಸ್ವೀಕೃತಿ ಸಂಖ್ಯೆಯಿಲ್ಲದೆ ಅರ್ಜಿ ಬಿಟ್ಟು ಹೋಗಬಾರದು

‘ಸರ್ವರ್ ಬಂದ ಮೇಲೆ ಹಾಕುತ್ತೇವೆ, ಅರ್ಜಿ ಇಟ್ಟು ಹೋಗಿ’ ಎಂದು ಸಿಬ್ಬಂದಿ ಸದುದ್ದೇಶದಿಂದಲೇ ಹೇಳಬಹುದು. 2012ರಲ್ಲಿ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆಯಲ್ಲಿ ಅರ್ಜಿಗೆ 15 ಅಂಕಿಗಳ ಸಂಖ್ಯೆ ನೀಡಲಾಗುತ್ತದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ. ಆ ಸಂಖ್ಯೆ ಇಲ್ಲದ ಕಾಗದವು ಮೇಜಿನ ಮೇಲೆ ಎಷ್ಟು ದಿನ ಇದ್ದರೂ ವಿಳಂಬವಾಗಿದೆ ಎಂದು ತೋರಿಸುವುದು ಅರ್ಜಿದಾರರಿಗೆ ಕಷ್ಟವಾಗುತ್ತದೆ. ಅನಿವಾರ್ಯವಾಗಿ ಬಿಟ್ಟು ಹೋಗಬೇಕಾದಲ್ಲಿ ಅರ್ಜಿಯ ಎರಡನೆಯ ಪ್ರತಿಯ ಮೇಲೆ ದಿನಾಂಕ, ವೇಳೆ ಮತ್ತು ಕಚೇರಿಯ ಮೊಹರಿನೊಂದಿಗೆ ಸಹಿ ಪಡೆಯಬೇಕು. ಗಣಕೀಕೃತ ಸಂಖ್ಯೆಯನ್ನು ಸೇವೆ ಪುನರಾರಂಭವಾದ ಕೂಡಲೇ ಕೇಳಿ ಪಡೆಯಬೇಕು.

ಕಚೇರಿಗಳ ಗಣಕ ನಿರ್ವಾಹಕರು ಅಡಚಣೆ ಆರಂಭವಾದ ವೇಳೆ, ಬಾಧಿತ ಸೇವೆಯ ಹೆಸರು ಮತ್ತು ತೊಂದರೆ ಕಚೇರಿಯದೋ ಕೇಂದ್ರಸ್ಥಾನದ್ದೋ ಎಂಬುದನ್ನು ಸೂಚನಾ ಫಲಕದಲ್ಲಿ ಬರೆದು ಪ್ರದರ್ಶಿಸುವುದು ಅಪೇಕ್ಷಣೀಯ. ದೂರದ ಹಳ್ಳಿಯಿಂದ ದಿನಗೂಲಿ ಬಿಟ್ಟು ಬಂದವರು ಕಾಯಬೇಕೋ ಮರಳಬೇಕೋ ಎಂದು ನಿರ್ಧರಿಸಲು ಆ ಎರಡು ಸಾಲು ಸಾಕು.