ನಂದೊಳ್ಳಿಯಿಂದ ಧಾರವಾಡಕ್ಕೆ

ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಪದವಿ ಓದಲು ಪುಣೆ, ಮುಂಬಯಿಯ ದಾರಿ ಹಿಡಿಯಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವೂ ಮರುವರ್ಷ ಧಾರವಾಡಕ್ಕೇ ಬಂತು. ಯಲ್ಲಾಪುರ ಸೀಮೆಯ ಹುಡುಗರಿಗೆ ಉನ್ನತ ಓದು ಕೈಗೆಟುಕಿತು.

ನಂದೊಳ್ಳಿಯ ತೋಟದ ಮನೆಯಿಂದ ಹೋದ ನನ್ನಂಥವರಿಗೆ ಮೊದಲ ವರ್ಷವೇ ಕಠಿಣ. ಕನ್ನಡ ಶಾಲೆಯಲ್ಲಿ ಕಲಿತಿದ್ದೆವು. ಇಂಗ್ಲಿಷ್ ಪಠ್ಯದ ಪುಟಪುಟಕ್ಕೂ ನಿಘಂಟು ಬೇಕಾಗುತ್ತಿತ್ತು. ಒಂದು ವಾರ ಬಿಟ್ಟರೆ ಓದಬೇಕಾದ ಅಧ್ಯಾಯಗಳು ರಾಶಿ ಬೀಳುತ್ತಿದ್ದವು. ರಜೆಗೆ ಊರಿಗೆ ಬಂದರೆ ಅಡಿಕೆ ಕೊಯ್ಲು. ರಾತ್ರಿ ಎಲ್ಲರೂ ಸುಲಿಯಲು ಕೂತಾಗ ಆಯಿ, “ತಮಾ, ನೀ ಓದ್ಕ, ಅಡಕೆ ಯಂಗ ನೋಡ್ಕತ್ಯ” ಎನ್ನುತ್ತಿದ್ದಳು.

ನಮ್ಮೂರಿನ ಪದವಿಗಳ ಹಿಂದೆ ಇಂಥ ಮನೆಮಂದಿಯ ದುಡಿಮೆಯಿದೆ. ಈಗ ಕಾಲೇಜು ಸೇರಿದ ಮಕ್ಕಳೇ, ಅಂದಿನ ಪಾಠವನ್ನು ಅಂದೇ ಓದಿ ಮುಗಿಸಿ.