ಗಾರೆಯ ಹದ, ಕಾಂಕ್ರೀಟಿನ ಅಳತೆ

1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಹಾಕುವ ಕೆಲಸ ಶುರುವಾದಾಗ ಮೈಸೂರು ಸಂಸ್ಥಾನದಲ್ಲಿ ಸಿಮೆಂಟ್ ತಯಾರಾಗುತ್ತಿರಲಿಲ್ಲ. ಹೊರದೇಶದಿಂದ ತರಿಸಿದರೆ ದುಬಾರಿ. ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಆ ಕಟ್ಟೆ ಎದ್ದದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. 1932ರಲ್ಲಿ ಮುಗಿದ ಕೃಷ್ಣರಾಜಸಾಗರದ ಹಿನ್ನೀರು ಕೆ.ಆರ್.ನಗರ ಸೀಮೆಯೊಳಕ್ಕೆ ಚಾಚಿದೆ.

ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ನುಣುಪಾದ ಪುಡಿ. ಬರೀ ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ನೀರಿನಡಿಯಲ್ಲಿ ಅದು ಗಟ್ಟಿಯಾಗದು. ಇಟ್ಟಿಗೆ ಪುಡಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ಕೂಡಿದಾಗ ನೀರಿನಲ್ಲೂ ಬಿಗಿಯುವ ಗಾರೆಯಾಗುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲಿ ಹಾರುಬೂದಿ ಮಾಡುವುದೂ ಇದೇ ಕೆಲಸವನ್ನು. ಬೆರಕೆ ಎಂದರೆ ಮೋಸ ಎಂದುಕೊಳ್ಳುವವರು ಕನ್ನಂಬಾಡಿ ಕಟ್ಟೆಯನ್ನೊಮ್ಮೆ ನೆನೆಯಬೇಕು.

ಮನೆ, ಗುಡಿ, ಛತ್ರಗಳ ಗಾರೆಗೆ ಬೇರೆಯೇ ಬೆರಕೆಗಳಿದ್ದವು. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ, ಮರಳು ಅರೆಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಬೆಲ್ಲದ ಸಕ್ಕರೆ ಸುಣ್ಣವನ್ನು ನೀರಿನಲ್ಲಿ ಹೆಚ್ಚು ಕರಗಿಸುತ್ತದೆ, ಗಾರೆಯನ್ನು ಮೆದುವಾಗಿಡುತ್ತದೆ. ಹದ ಬಂದಿದೆಯೇ ಎಂದು ನೋಡುತ್ತಿದ್ದುದು ಮೇಸ್ತ್ರಿಯ ಕರಣೆ ಮತ್ತು ಕಣ್ಣು. ಆ ಕಣ್ಣಿಗೆ ಬೆಲೆ ಇತ್ತು, ಆದರೆ ಅದು ಕಂಡದ್ದನ್ನು ಇನ್ನೊಬ್ಬರಿಗೆ ಬರೆದು ಕೊಡುವಂತಿರಲಿಲ್ಲ.

ಬರೆದು ಕೊಡುವ ದಾರಿಯನ್ನು ಹುಡುಕಿದವರಲ್ಲಿ ಅಮೆರಿಕದ ಡಫ್ ಏಬ್ರಮ್ಸ್ ಮುಖ್ಯರು. ಕಾಂಕ್ರೀಟಿಗೆ ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ ಎಂಬುದನ್ನು 1918ರಲ್ಲಿ ಅವರು ಅಂಕಿಗಳಲ್ಲಿ ತೋರಿಸಿದರು. ಹಸಿ ಕಾಂಕ್ರೀಟಿನ ಹದ ಅಳೆಯುವ ಸ್ಲಂಪ್ ಪರೀಕ್ಷೆಯ ಶಂಕುವನ್ನು ಈಗಲೂ ಎಷ್ಟೋ ಕಡೆ ಅವರ ಹೆಸರಿನಿಂದಲೇ ಕರೆಯುತ್ತಾರೆ. 300 ಮಿಲಿಮೀಟರ್ ಎತ್ತರ, ಅಡಿಯಲ್ಲಿ 200, ಮೇಲೆ 100 ಮಿಲಿಮೀಟರ್ ಅಗಲದ ತಗಡಿನ ಅಚ್ಚು ಅದು.

ಈ ಪರೀಕ್ಷೆಗೆ ಭಾರತ ತನ್ನದೇ ಸಂಹಿತೆ, ಐಎಸ್ 1199, ಪ್ರಕಟಿಸಿದ್ದು 1959ರಲ್ಲಿ. ಅಚ್ಚಿನೊಳಗೆ ನಾಲ್ಕು ಪದರವಾಗಿ ಕಾಂಕ್ರೀಟ್ ತುಂಬಿ, ಒಂದೊಂದು ಪದರಕ್ಕೂ 16 ಮಿಲಿಮೀಟರ್ ದಪ್ಪದ ಸಲಾಕೆಯಿಂದ 25 ಸಲ ಕುಟ್ಟಬೇಕು ಎಂದಿತು ಆ ಸಂಹಿತೆ. ಆಮೇಲೆ ಅಚ್ಚನ್ನು ನೇರವಾಗಿ ಮೇಲಕ್ಕೆತ್ತಿ, ರಾಶಿ ಎಷ್ಟು ಕುಸಿಯಿತೆಂದು ಅಳೆಯುವುದು. ಕಂಬಿ ವಿರಳವಾಗಿರುವ ಕೆಲಸಕ್ಕೆ 25ರಿಂದ 75, ಒತ್ತಾಗಿರುವ ಕೆಲಸಕ್ಕೆ 50ರಿಂದ 100 ಮಿಲಿಮೀಟರ್ ಕುಸಿತ ಸಾಕೆನ್ನುತ್ತದೆ ಐಎಸ್ 456 ಎಂಬ ಇನ್ನೊಂದು ಸಂಹಿತೆ. ಸಮವಾಗಿ ಇಳಿಯದೆ ಒಂದು ಮಗ್ಗುಲು ಜಾರಿದರೆ ಆ ಕಾಂಕ್ರೀಟಿಗೆ ಅಂಟು ಸಾಲದು ಎಂದರ್ಥ. ಇಡೀ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ.

ಕೂಲಿಯಾಳು ಬಾಂಡ್ಲಿಯಲ್ಲಿ ಹೊತ್ತು ಸುರಿಯುವ ಕಾಂಕ್ರೀಟ್ ಕಂಬಿಗಳ ನಡುವೆ ಸಲೀಸಾಗಿ ಇಳಿಯಬೇಕು. ಅದಕ್ಕೆ ಸುಲಭದ ಉಪಾಯ ಇನ್ನೊಂದು ಕೊಡ ನೀರು. 50 ಕಿಲೋ ಮೂಟೆಗೆ ಸಾಧಾರಣ ವಾತಾವರಣದಲ್ಲಿ 25 ಲೀಟರ್ ಮೀರಬಾರದು ಎಂಬುದು ಐಎಸ್ 456ರ ಮಿತಿ. ಒದ್ದೆ ಮರಳಿನೊಳಗಿನ ನೀರೂ ಈ ಲೆಕ್ಕಕ್ಕೆ ಸೇರಬೇಕು. ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಮುಂಗಾರು ಹಿಡಿದಾಗ ಮರೆಯುವುದು ಇದನ್ನೇ. ನೂರು ಕಿಲೋ ಮರಳಿನಲ್ಲಿ ಶೇಕಡ 5ರಷ್ಟು ಪಸೆ ಇದ್ದರೆ ಐದು ಲೀಟರ್ ಆಗಲೇ ಒಳಗೆ ಸೇರಿದಂತೆ. ಹೆಚ್ಚಾದ ನೀರು ಆರಿ ಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ತಾರಸಿ ಸೋರುವುದೂ ಕಂಬಿಗೆ ತುಕ್ಕು ಹಿಡಿಯುವುದೂ ಅಲ್ಲಿಂದಲೇ ಮೊದಲಾಗುತ್ತದೆ.

ಹೆಚ್ಚು ನೀರಿಲ್ಲದೆ ಹದ ತರುವ ರಾಸಾಯನಿಕಗಳು ಬಂದದ್ದು ಈ ತೊಡಕನ್ನು ಬಿಡಿಸಲು. 1930ರ ದಶಕದಲ್ಲಿ ಕಾಗದದ ಗಿರಣಿಗಳ ತ್ಯಾಜ್ಯದ್ರವದಿಂದ ಲಿಗ್ನೋಸಲ್ಫೊನೇಟ್ ಸಿಕ್ಕಿತು. 1960ರ ದಶಕದಲ್ಲಿ ಜಪಾನ್, ಜರ್ಮನಿಗಳಲ್ಲಿ ಸೂಪರ್ ಪ್ಲಾಸ್ಟಿಸೈಜರುಗಳು ತಯಾರಾದವು. ಸಿಮೆಂಟಿನ ಕಣಗಳು ಗುಂಪುಗಟ್ಟಿ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ಈ ದ್ರವ ಅವನ್ನು ಬಿಡಿಸಿ ಆ ನೀರನ್ನು ಕೆಲಸಕ್ಕೆ ಹಚ್ಚುತ್ತದೆ. ಒಳ್ಳೆಯ ಸೂಪರ್ ಪ್ಲಾಸ್ಟಿಸೈಜರ್ ಐದರಲ್ಲಿ ಒಂದು ಪಾಲು ನೀರನ್ನು ಉಳಿಸುತ್ತದೆ. ಇದರ ಪ್ರಮಾಣ ಸಿಮೆಂಟಿನ ತೂಕದ ಶೇಕಡ 2ನ್ನು, ಎಂದರೆ ಮೂಟೆಗೆ ಒಂದು ಕಿಲೋವನ್ನು, ಮೀರಬಾರದು. ಹೊಳೆ ಮರಳಿನ ಬದಲು ಎಂ-ಸ್ಯಾಂಡ್ ಬಂದಿರುವ ಈ ಕಾಲದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚಿದೆ, ಏಕೆಂದರೆ ಕಲ್ಲು ಪುಡಿಯ ಮೊನಚು ಕಣಗಳು ಹೊಳೆ ಮರಳಿನಷ್ಟು ಸುಲಭವಾಗಿ ಜಾರುವುದಿಲ್ಲ. ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರ್ ದೂರ ರೆಡಿಮಿಕ್ಸ್ ಲಾರಿ ಬರಬೇಕಾದರೆ ದಾರಿಯಲ್ಲಿ ಕಾಂಕ್ರೀಟ್ ಗಟ್ಟಿಯಾಗದಂತೆ ತಡೆಯುವ ಬೆರಕೆಯೂ ಬೇಕು.

ಗಾರೆಯ ಕಾಲದ ಬೆಲ್ಲ ಈ ತಡೆಯುವ ಕೆಲಸವನ್ನೂ ಮಾಡಬಲ್ಲದು, ಆದರೆ ಅಪಾಯಕಾರಿಯಾಗಿ. ಮೂಟೆ ಸಿಮೆಂಟಿಗೆ 25 ಗ್ರಾಂ ಸಕ್ಕರೆ ಬಿದ್ದರೂ ಅದು ಬಿಗಿಯುವುದು ಗಂಟೆಗಟ್ಟಲೆ ತಡವಾಗುತ್ತದೆ. ಹತ್ತಿಪ್ಪತ್ತು ಪಟ್ಟು ಬಿದ್ದರೆ ಬಿಗಿಯುವುದೇ ಇಲ್ಲ. ಸುಣ್ಣಕ್ಕೆ ಒಗ್ಗಿದ್ದು ಸಿಮೆಂಟಿಗೆ ಒಗ್ಗುತ್ತದೆಂದು ನಂಬಿ ಯಾರೂ ತಾರಸಿಯ ಕಾಂಕ್ರೀಟಿಗೆ ಬೆಲ್ಲ ಸುರಿಯಬಾರದು.

ಸೇತುವೆ, ಅಣೆಕಟ್ಟುಗಳ ಕೆಲಸದಲ್ಲಿ ಸ್ಲಂಪ್ ಪರೀಕ್ಷೆ ಕಡ್ಡಾಯ. ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟಿಸುವ ಕುಟುಂಬಕ್ಕೆ ಮಾತ್ರ ಅದರ ಹೆಸರನ್ನೂ ಯಾರೂ ಹೇಳುವುದಿಲ್ಲ. ಇದು ಸರಿಯಲ್ಲ. ಮೋಲ್ಡ್ ಹಾಕುವ ದಿನ ಮೇಸ್ತ್ರಿಗೆ, ಎಂಜಿನಿಯರಿಗೆ ಸ್ಲಂಪ್ ಅಚ್ಚು ತರಲು ಹೇಳಿ. ಮೂಟೆಗೆ ಎಷ್ಟು ಲೀಟರ್ ನೀರು ಹಾಕುತ್ತಿದ್ದಾರೆಂದು ಕೇಳಿ, ಮಿಕ್ಸರಿನ ಪಕ್ಕದಲ್ಲೇ ನಿಂತು ಅಳೆಸಿ.